ಜೇಬಿನ ಬ್ಯಾಟ್ರಿ ಕಳಿಸುತ್ತಿದ್ದೇನೆ

ಹ್ಯಾಂಬರ್ಗ್, ಡಿಸೆಂಬರ್ 8

ತೀರ್ಥರೂಪು ಅಪ್ಪಾಜಿಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಅವ್ವ, ಅಜ್ಜಿ, ತಮ್ಮ ಎಲ್ಲರ ಕ್ಷೇಮ ಸಮಾಚಾರಕ್ಕೆ ಬರೆಯಿರಿ.

ಈ ತಿಂಗಳ ಕೊನೆಗೆ ಭಾವ ಮದ್ದೂರಿಗೆ ಬರುತ್ತಾರಲ್ಲ, ಅವರ ಕೈಲಿ ನಿಮಗೊಂದು ಜೇಬಿನ ಬ್ಯಾಟ್ರಿ, ಅಂದರೆ ಟಾರ್ಚು, ಕಳಿಸುತ್ತಿದ್ದೇನೆ. ಉದ್ದ 9 ಸೆಂಟಿಮೀಟರ್, ಸೆಲ್ಲು ಸೇರಿ 60 ಗ್ರಾಂ ಚಿಲ್ಲರೆ. ರಾತ್ರಿ ತ್ರೀ ಫೇಸ್ ಕರೆಂಟು ಕೊಟ್ಟಾಗ ಮೋಟ್ರು ಹಾಕಲು ಗದ್ದೆಗೆ ಹೋಗುವವರ ಕೈಗೆ ಯಾವುದು ಒಗ್ಗುತ್ತದೆ ಎಂದು ನೋಡಿಯೇ ಆರಿಸಿದ್ದು. ತಮ್ಮ ಫೋನಿನಲ್ಲಿ ಮೊದಲು ಕೇಳಿದ್ದೇ "ಎಷ್ಟು ಲುಮೆನ್?" ಎಂದು. ಅವನಿಗೂ ಉತ್ತರ ಇದರಲ್ಲಿದೆ, ಓದಿ ಹೇಳಿ.

ಲುಮೆನ್ ಎಂದರೆ ಬ್ಯಾಟ್ರಿ ಒಟ್ಟು ಸುರಿಯುವ ಬೆಳಕಿನ ಅಳತೆ. ಪೂರ್ತಿ ಜೋರಿನಲ್ಲಿ 150 ಲುಮೆನ್, ಅಷ್ಟೇ. ಅವನು ಮುಖ ಸಿಂಡರಿಸುತ್ತಾನೆ, ಗೊತ್ತು. ಇದಕ್ಕಿಂತ ಕಡಿಮೆ ದುಡ್ಡಿಗೆ ಡಬ್ಬಿಯ ಮೇಲೆ 10000 ಲುಮೆನ್ ಎಂದು ಅಚ್ಚು ಹಾಕಿದ ಬ್ಯಾಟ್ರಿ ಬೇಕಾದಷ್ಟು ಸಿಗುತ್ತವೆ. ಅದು ಸುಳ್ಳೆಂದು ತಿಳಿಯಲು ಬ್ಯಾಟ್ರಿ ಬಿಚ್ಚುವುದೂ ಬೇಡ. ಒಳ್ಳೆಯ ಎಲ್‌ಇಡಿ, ಸರ್ಕ್ಯೂಟಿನ ನಷ್ಟ ಕಳೆದರೆ, ಒಂದು ವ್ಯಾಟಿಗೆ ಸುಮಾರು 100 ಲುಮೆನ್ ಕೊಡುತ್ತದೆ. 10000 ಬೇಕಾದರೆ 100 ವ್ಯಾಟ್ ಉರಿಯಬೇಕು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿ ಹೋಗುತ್ತದೆ. ಅಂಥದ್ದನ್ನು ಬೆರಳುದ್ದದ ಅಲ್ಯೂಮಿನಿಯಂ ಕೊಳವೆಯಲ್ಲಿಟ್ಟು ಕೈಲಿ ಹಿಡಿಯಲಾಗುವುದಿಲ್ಲ. ಇದಲ್ಲದೆ, ಕಣ್ಣಿಗೆ ಬೆಳಕು ದುಪ್ಪಟ್ಟಾದಂತೆ ಕಾಣಬೇಕಾದರೆ ಸುಮಾರು ನಾಲ್ಕು ಪಟ್ಟು ಬೆಳಕು ಸುರಿಯಬೇಕು. 150ಕ್ಕೂ 250ಕ್ಕೂ ಇರುವ ವ್ಯತ್ಯಾಸ ಡಬ್ಬಿಯ ಮೇಲೆ ದೊಡ್ಡದು, ಗದ್ದೆಯ ಬದುವಿನ ಮೇಲೆ ಅಲ್ಪ.

ಡಬ್ಬಿಯಲ್ಲಿ ನೋಡಬೇಕಾದ್ದು ಎಎನ್‌ಎಸ್‌ಐ ಎಫ್‌ಎಲ್ 1 ಎಂಬ ಗುರುತು. ಅದು 2009ರಲ್ಲಿ ಅಮೆರಿಕದಲ್ಲಿ ಬಂದ ಅಳತೆಯ ಕಟ್ಟಳೆ. ಆದರೆ ಅದನ್ನೂ ಓದುವ ಕ್ರಮ ಗೊತ್ತಿರಬೇಕು. 'ಇಷ್ಟು ಗಂಟೆ ಉರಿಯುತ್ತದೆ' ಎಂದರೆ ಬೆಳಕು ಮೊದಲಿನ ಹತ್ತನೇ ಒಂದು ಪಾಲಿಗೆ ಇಳಿಯುವವರೆಗಿನ ಲೆಕ್ಕ. ಐದು ನಿಮಿಷ ಜೋರಾಗಿ ಉರಿದು, ಬಿಸಿ ತಾಳದೆ ಇಳಿದು, ಆಮೇಲೆ ಮೂರು ಗಂಟೆ ಮಿಣಮಿಣ ಎಂದರೂ ಡಬ್ಬಿಯ ಮೇಲೆ ಮೂರು ಗಂಟೆ ಎಂದೇ ಇರುತ್ತದೆ. 'ದೂರ 70 ಮೀಟರ್' ಎಂದರೆ 70 ಮೀಟರಿನಾಚೆ ಬೀಳುವ ಬೆಳಕು 0.25 ಲಕ್ಸ್, ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟು. ಅಲ್ಲಿ ಏನೋ ಇದೆ ಎಂದು ಕಾಣುತ್ತದೆ. ಅದು ದನವೋ ನಾಯಿಯೋ ಎಂದು ಗುರುತಿಸಬೇಕಾದರೆ ಆ ದೂರದ ಮೂರನೇ ಒಂದು ಪಾಲಿಗೆ ನಂಬಿ. ಕಬ್ಬಿನ ಗದ್ದೆಯ ಆ ತುದಿಯಲ್ಲಿ ಚಿರತೆಯ ಕಣ್ಣು ಹೊಳೆಯುತ್ತದೋ ಎಂದು ನೋಡಲು ಇದು ಸಾಲದು, ಅದಕ್ಕೆ ದೊಡ್ಡ ತಲೆಯ ಬ್ಯಾಟ್ರಿಯೇ ಬೇಕು. ಇದು ಕಾಲಬುಡಕ್ಕೆ, ಸ್ಟಾರ್ಟರ್ ಪೆಟ್ಟಿಗೆಗೆ, ಕೊಟ್ಟಿಗೆಗೆ.

ನಾನು ಹೆಚ್ಚು ಹೊತ್ತು ತೂಗಿ ನೋಡಿದ್ದು ಬಣ್ಣವನ್ನು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಬ್ಯಾಟ್ರಿಗಳ ಬೆಳಕು ನೀಲಿಗೆ ತಿರುಗಿದ ಬಿಳಿ, ಬೆಳಕಿನ ಬಣ್ಣ ಅಳೆಯುವ ಲೆಕ್ಕದಲ್ಲಿ 6500 ಕೆಲ್ವಿನ್ ಆಸುಪಾಸು, ಅಂಕ ಏರಿದಷ್ಟೂ ನೀಲಿ. ನೋಡಲು ಜೋರು, ಆದರೆ ಅದರಲ್ಲಿ ಕೆಂಪಿನ ಅಂಶ ಕಡಿಮೆ, ಹಾಗಾಗಿ ಮಣ್ಣು, ಒಣಗಿದ ಸೋಗೆ, ಕಂದು ಚರ್ಮ ಎಲ್ಲ ಒಂದೇ ಬೂದು ಬಣ್ಣಕ್ಕೆ ಬಂದುಬಿಡುತ್ತವೆ. ತರಗಿನ ಮೇಲೆ ಮಲಗಿದ ಕೊಳಕುಮಂಡಲದ ಮೈಮೇಲಿನ ಚಕ್ಕೆಗಳು ಕಾಣದೇ ಹೋಗುವುದು ಹೀಗೆ. ಇದರದ್ದು 4000 ಕೆಲ್ವಿನ್, ಬಣ್ಣ ತೋರುವ ಅಂಕ ಅಂದರೆ ಸಿಆರ್‌ಐ ನೂರಕ್ಕೆ 90ಕ್ಕಿಂತ ಮೇಲೆ. ಇದಕ್ಕಾಗಿ ಬೆಳಕಿನ ಪ್ರಮಾಣ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ, ನನ್ನ ಲೆಕ್ಕದಲ್ಲಿ ಅದು ಲಾಭದ ವ್ಯಾಪಾರ. ಸ್ಟಾರ್ಟರಿನ ಕೆಂಪು, ಹಳದಿ, ನೀಲಿ ವೈರುಗಳು ಬೇರೆಬೇರೆಯಾಗಿ ಕಾಣುತ್ತವೆ. ಹಾಲಿನಲ್ಲಿ ರಕ್ತದ ಎಳೆ ಇದ್ದರೆ ಗೊತ್ತಾಗುತ್ತದೆ. ಅವ್ವನಿಗೆ ಹೇಳಿ, ದೇವರ ಮನೆಯ ಅರಿಶಿನ ಕುಂಕುಮದ ಬಟ್ಟಲನ್ನು ಕತ್ತಲಲ್ಲಿ ಪಕ್ಕಪಕ್ಕ ಇಟ್ಟು ಹಳೇ ಬ್ಯಾಟ್ರಿ, ಹೊಸಾ ಬ್ಯಾಟ್ರಿ ಎರಡನ್ನೂ ಬಿಟ್ಟು ನೋಡಲಿ. ಕುಂಕುಮ ಮಂಕಾಗಿ ಇಟ್ಟಿಗೆ ಪುಡಿಯಂತೆ ಕಂಡರೆ ಆ ಬ್ಯಾಟ್ರಿ ಹಾವು ನೋಡಲು ಆಗದು.

ಹಿಡಿಯುವುದರಲ್ಲೂ ಒಂದು ಕ್ರಮ ಇದೆ. ಕಣ್ಣಿನ ಮಟ್ಟದಲ್ಲಿ ಹಿಡಿದರೆ ವಸ್ತುವಿನ ನೆರಳು ವಸ್ತುವಿನ ಹಿಂದೆಯೇ ಅಡಗುತ್ತದೆ, ನೆಲ ಚಪ್ಪಟೆಯಾಗಿ ಕಾಣುತ್ತದೆ. ಸೊಂಟದ ಕೆಳಗೆ, ಮಂಡಿಯ ಹತ್ತಿರ ಹಿಡಿದು ಮುಂದಕ್ಕೆ ಓರೆಯಾಗಿ ಬಿಟ್ಟರೆ ಸಣ್ಣ ಕಡ್ಡಿಗೂ ಉದ್ದ ನೆರಳು ಬೀಳುತ್ತದೆ, ಹಾವಿಗೂ ಬೀಳುತ್ತದೆ. ತಮ್ಮ ಹಣೆಗೆ ಕಟ್ಟುವ ದೀಪ ಬೇಕು ಎನ್ನುತ್ತಿದ್ದನಲ್ಲ, ದಾರಿ ನಡೆಯಲು ಅದು ಒಳ್ಳೆಯದಲ್ಲ ಎನ್ನುವುದು ಇದಕ್ಕೇ. ಹುಳುಹುಪ್ಪಟೆ ಮುಖಕ್ಕೆ ಬಂದು ಮೆತ್ತುವುದು ಬೇರೆ. ಮಂಜು ಕವಿದಾಗಲೂ ಕೆಳಗೇ ಹಿಡಿಯಿರಿ, ಕಣ್ಣಿನ ಪಕ್ಕದಿಂದ ಬಿಟ್ಟ ಬೆಳಕು ಮಂಜಿಗೆ ಬಡಿದು ನಿಮಗೇ ವಾಪಸ್ ಬರುತ್ತದೆ. ಬ್ಯಾಟ್ರಿ ಇದೆ ಅಂತ ಗಮ್‌ಬೂಟು ಬಿಟ್ಟು ಬರಿಗಾಲಲ್ಲಿ ಹೋಗಬೇಡಿ ಮತ್ತೆ.

ಗುಂಡಿ ಬುಡದಲ್ಲಿದೆ. ಅರ್ಧ ಒತ್ತಿ ಹಿಡಿದರೆ ಹಿಡಿದಷ್ಟು ಹೊತ್ತು ಬೆಳಕು, ಟಕ್ ಎನ್ನುವವರೆಗೆ ಒತ್ತಿದರೆ ಕೈ ಬಿಟ್ಟರೂ ಹತ್ತಿಕೊಂಡೇ ಇರುತ್ತದೆ. ಮೊದಲು ಬರುವುದು 2 ಲುಮೆನ್. ಬಿಟ್ಟು ತಕ್ಷಣ ಮತ್ತೆ ಒತ್ತಿದರೆ 25, ಇನ್ನೊಮ್ಮೆ ಒತ್ತಿದರೆ 150. ಎರಡು ಸೆಕೆಂಡು ಆರಿಸಿಟ್ಟರೆ ಮತ್ತೆ 2ರಿಂದಲೇ ಶುರು. ಮೊದಲೇ ಜೋರಾಗಿ ಹತ್ತಬಾರದೇ ಎನ್ನಿಸಬಹುದು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಜೋರು ಬೆಳಕು ಅದನ್ನು ಒಂದೇ ಕ್ಷಣದಲ್ಲಿ ಕಳೆಯುತ್ತದೆ. ಮನೆಯೊಳಗೆ ರಾತ್ರಿ ಎದ್ದಾಗ 2 ಸಾಕು, ಅಜ್ಜಿಗೂ ಎಚ್ಚರವಾಗದು. ನಡೆಯಲು 25. ಕಬ್ಬಿನ ಒಳಗೆ 150 ಹಾಕಲೇಬೇಡಿ, ಹತ್ತಿರದ ಗರಿ ಬೆಳ್ಳಗೆ ಹೊಳೆದು ಅದರ ಹಿಂದಿನದ್ದು ಏನೂ ಕಾಣುವುದಿಲ್ಲ. ಪಟಪಟ ಮಿನುಗುವ ಮೋಡ್ ಇದರಲ್ಲಿ ಇಲ್ಲ, ಇಲ್ಲದ್ದನ್ನೇ ಹುಡುಕಿ ತೆಗೆದುಕೊಂಡೆ.

ಇನ್ನು ಸೆಲ್ಲಿನ ವಿಚಾರ. ಇದನ್ನು ನಿಧಾನವಾಗಿ ಓದಿ, ಬ್ಯಾಟ್ರಿಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ.

ಗೋಡೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ಲು, ಡಬಲ್ ಎ, ಒಂದೇ ಒಂದು ಸಾಕು. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಸೆಲ್ಲು ಕೊಡುವುದು 1.2ರಿಂದ 1.5. ವೋಲ್ಟೇಜನ್ನು ಏರಿಸುವ ಸರ್ಕ್ಯೂಟ್ ತಲೆಯ ಭಾಗದಲ್ಲಿದೆ. ಜೋರಿನಲ್ಲಿ ಅದು ಸೆಲ್ಲಿನಿಂದ ಒಂದೂವರೆ ಆಂಪಿಯರ್‌ನಷ್ಟು ಎಳೆಯುತ್ತದೆ. ಊರ ಅಂಗಡಿಯ ಅಗ್ಗದ ಜಿಂಕ್ ಕಾರ್ಬನ್ ಸೆಲ್ಲಿಗೆ ಅಷ್ಟು ಕೊಡುವ ತ್ರಾಣ ಇಲ್ಲ, ವೋಲ್ಟೇಜ್ ಕುಸಿದು ಬೆಳಕು ನಡುಗುತ್ತದೆ. ಅದು ಬ್ಯಾಟ್ರಿಯ ದೋಷವಲ್ಲ. ಕೈಗೆ ಬೇರೇನೂ ಸಿಗದಾಗ ಅದನ್ನು ಹಾಕಿಕೊಂಡು 25ರಲ್ಲೇ ಓಡಿಸಿ, ಕೆಲಸ ಮುಗಿದ ಮೇಲೆ ತೆಗೆದಿಡಿ. ಆಲ್ಕಲೈನ್ ಸೆಲ್ಲು ಇದಕ್ಕಿಂತ ಮೇಲು, ಆದರೆ ಮುಗಿದ ಮೇಲೂ ಒಳಗೇ ಬಿಟ್ಟರೆ ಒಳಗೆ ಅನಿಲ ತುಂಬಿ, ಮುಚ್ಚಳ ಸಡಿಲಿಸಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೋರುತ್ತದೆ. ಅದು ಗಾಳಿ ತಾಗಿ ಬಿಳಿ ಪುಡಿ ಕಟ್ಟುತ್ತದೆ. ಕೊಳವೆಯೊಳಗೆ ಸೆಲ್ಲು ಊದಿ ಕೂತರೆ ಎಳೆದರೂ ಬರುವುದಿಲ್ಲ. ಪುಡಿ ಕಂಡರೆ ನಿಂಬೆರಸದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಬರಿಗೈಲಿ ಮುಟ್ಟಿ ಕಣ್ಣು ಉಜ್ಜಬೇಡಿ.

ಹಾಗಾಗಿ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಾಲ್ಕು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ಮತ್ತು ಚಾರ್ಜರ್ ಜೊತೆಗೇ ಇಟ್ಟಿದ್ದೇನೆ. ಒಂದೊಂದು 2000 ಎಂಎಎಚ್ (ಸೆಲ್ಲು ಹಿಡಿಯುವ ಚಾರ್ಜಿನ ಅಳತೆ), ಅಂದರೆ 1.2 ವೋಲ್ಟಿನಲ್ಲಿ 2.4 ವ್ಯಾಟ್ ಗಂಟೆ. 25 ಲುಮೆನ್ನಿನಲ್ಲಿ ಸುಮಾರು 8 ಗಂಟೆ, 150ರಲ್ಲಿ ಒಂದೂಕಾಲು ಗಂಟೆ. ಇವು ಚಾರ್ಜು ತಾನಾಗಿ ಬೇಗ ಸೋರಿಹೋಗದ ಜಾತಿ, ಪೆಟ್ಟಿಗೆಯಲ್ಲಿ ವರ್ಷ ಇಟ್ಟರೂ ನೂರಕ್ಕೆ ಎಂಬತ್ತರಷ್ಟು ಉಳಿದಿರುತ್ತದೆ. ಹಳೇ ಜಾತಿಯವು ತಿಂಗಳಿಗೇ ಕಾಲು ಭಾಗ ಕಳೆದುಕೊಳ್ಳುತ್ತಿದ್ದವು. ಕೊನೆಯವರೆಗೂ ಒಂದೇ ಸಮ ಉರಿದು, ಮುಗಿಯುವಾಗ ಫಕ್ಕನೆ ಮಂಕಾಗುತ್ತದೆ, ಆದ್ದರಿಂದ ಇನ್ನೊಂದು ಸೆಲ್ಲು ಅದರ ಪ್ಲಾಸ್ಟಿಕ್ ಡಬ್ಬಿಯಲ್ಲೇ ಜೇಬಿನಲ್ಲಿರಲಿ. ಬೀಗದ ಕೈ ಗೊಂಚಲು, ಚಿಲ್ಲರೆ ಕಾಸಿನ ಜೊತೆ ಬಿಡಿಯಾಗಿ ಇಟ್ಟರೆ ಶಾರ್ಟ್ ಆಗಿ ಸುಡುತ್ತದೆ. ಚಾರ್ಜರ್ ಮೊಬೈಲಿನ ಅಡಾಪ್ಟರಿಗೇ ಹಾಕುವಂಥದ್ದು. ಖಾಲಿ ಸೆಲ್ಲಿಗೆ ನಾಲ್ಕೂವರೆ ಐದು ಗಂಟೆ ಬೇಕು. ತುಂಬುವ ಹೊತ್ತಿಗೆ ಬೆಚ್ಚಗಾಗುವುದು ಸಹಜ, ಮುಟ್ಟಲಾಗದಷ್ಟು ಬಿಸಿಯಾದರೆ ಆ ಸೆಲ್ಲು ಮುದಿಯಾಗಿದೆ ಎಂದು ಎತ್ತಿಡಿ. ಅಂಗಡಿಯ ಮಾಮೂಲಿ ಸೆಲ್ಲನ್ನು ಈ ಚಾರ್ಜರಿಗೆ ಹಾಕಕೂಡದು, ತಮ್ಮನಿಗೆ ಎರಡು ಸಲ ಹೇಳಿ.

ಇದೇ ಗಾತ್ರದ್ದು 14500 ಎಂಬ ಲಿಥಿಯಂ ಸೆಲ್ಲು ಬರುತ್ತದೆ, 14 ಮಿಲಿಮೀಟರ್ ದಪ್ಪ, 50 ಉದ್ದ. ಅದನ್ನು ಹಾಕಿದರೆ ಇಂಥ ಕೆಲವು ಬ್ಯಾಟ್ರಿಗಳು ಮೂರು ನಾಲ್ಕು ಪಟ್ಟು ಬೆಳಗುತ್ತವೆ. ಬೇಕೆಂದೇ ಕಳಿಸಿಲ್ಲ. ಪೂರ್ತಿ ತುಂಬಿದಾಗ ಅದು 4.2 ವೋಲ್ಟ್, ನೋಡಲು ಪೆನ್ಸಿಲ್ ಸೆಲ್ಲಿನ ತದ್ರೂಪು. ನಮ್ಮ ಮನೆಯಲ್ಲಿ ಸೆಲ್ಲು ಗಡಿಯಾರದಿಂದ ರಿಮೋಟಿಗೆ, ರಿಮೋಟಿನಿಂದ ಅಜ್ಜಿಯ ಬಿಪಿ ಮಿಷನ್ನಿಗೆ ಓಡಾಡುತ್ತಿರುತ್ತದೆ. ಒಂದು ದಿನ ಇದೂ ಓಡಾಡಿ ಮಿಷನ್ನನ್ನೇ ಸುಡುತ್ತದೆ. 18650 ಎನ್ನುವ ದಪ್ಪ ಲಿಥಿಯಂ ಸೆಲ್ಲಿನ ಬ್ಯಾಟ್ರಿ ಬೇಕೆಂದು ಯಾರಾದರೂ ಕೇಳಿದರೆ, ಸೆಲ್ಲನ್ನು ತೂಕ ಮಾಡಿ ನೋಡಲು ಹೇಳಿ. ಅಸಲಿಯದ್ದು 45 ಗ್ರಾಂ ಹತ್ತಿರ ತೂಗುತ್ತದೆ, 3500 ಎಂಎಎಚ್ ಅದರ ಮಾಮೂಲಿ ಎಲ್ಲೆ. 9900 ಎಂದು ಬರೆದ ಹಗುರ ಸೆಲ್ಲು ಶುದ್ಧ ಮೋಸ.

ಸೆಲ್ಲಿನ ಪ್ಲಸ್ ತಲೆಯ ಕಡೆಗಿರಲಿ. ತಿರುಗುಮುರುಗಾದರೂ ಸುಡುವುದಿಲ್ಲ, ಒಳಗಿನ ಪ್ಲಾಸ್ಟಿಕ್ ಬಳೆ ಚಪ್ಪಟೆ ತುದಿಯನ್ನು ತಾಗಲು ಬಿಡುವುದಿಲ್ಲ, ಸುಮ್ಮನೆ ಹತ್ತುವುದಿಲ್ಲ ಅಷ್ಟೆ. ಜೇಬಿನಲ್ಲಿ ತಾನಾಗಿ ಹತ್ತಬಾರದು ಎಂದರೆ ಬುಡದ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ. ಮುಚ್ಚಳ ತಿರುಗಿ ಕೂರುವ ಮರೆಗಳ ಮೇಲಿನ ಆನೊಡೈಸ್ ಪದರ, ಅಂದರೆ ಲೋಹದ ಮೇಲೆ ಕಟ್ಟಿಸಿದ ಗಟ್ಟಿ ಹೊದಿಕೆ, ಕರೆಂಟು ಹರಿಸುವುದಿಲ್ಲ, ಮುಚ್ಚಳ ಬಿಗಿಯಾಗಿ ಕೂತು ಕೊಳವೆಯ ಬರಿ ಲೋಹದ ಅಂಚು ತಾಗಿದರೆ ಮಾತ್ರ ದಾರಿ ಪೂರ್ತಿಯಾಗುತ್ತದೆ. ಭಾವನಿಗೂ ವಿಮಾನದಲ್ಲಿ ಹಾಗೇ ಸಡಿಲಿಸಿ, ಬಿಡಿ ಸೆಲ್ಲುಗಳನ್ನು ಡಬ್ಬಿಸಮೇತ ಕೈಚೀಲದಲ್ಲಿ ಇಟ್ಟುಕೊಳ್ಳಲು ಹೇಳಿದ್ದೇನೆ.

ಬೆಳಕು ಮಿಣುಕಿದರೆ ಹತ್ತರಲ್ಲಿ ಒಂಬತ್ತು ಸಲ ಆ ಅಂಚಿನ ಕೊಳೆಯೇ ಕಾರಣ. ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಅಂಚು, ಸ್ಪ್ರಿಂಗು, ಸೆಲ್ಲಿನ ಎರಡೂ ತುದಿ ಒರೆಸಿ. ಮರಳು ಕಾಗದದಿಂದ ಉಜ್ಜಬೇಡಿ, ಸ್ಪ್ರಿಂಗಿನ ಲೇಪ ಹೋಗಿ ತುಕ್ಕು ಹಿಡಿಯುತ್ತದೆ. ಆಮೇಲೆ ಬುಡದ ಕಪ್ಪು ರಬ್ಬರ್ ರಿಂಗಿಗೆ, ಮರೆಗಳಿಗೆ ಕಳಿಸಿರುವ ಸಿಲಿಕೋನ್ ಗ್ರೀಸನ್ನು ಅಕ್ಕಿಕಾಳಿನಷ್ಟು ಸವರಿ. ಕೊಬ್ಬರಿ ಎಣ್ಣೆ ಬೇಡ, ಗದ್ದೆಯ ಧೂಳೆಲ್ಲ ಅದಕ್ಕೇ ಹಿಡಿಯುತ್ತದೆ. ನೀರು ತಡೆಯುವುದು ಆ ರಿಂಗೇ. ಐಪಿಎಕ್ಸ್ 8, ಅಂದರೆ ನೀರಿನಲ್ಲಿ ಮುಳುಗಿದರೂ ತಾಳುತ್ತದೆ ಎಂಬ ಗುರುತು, ಬರೆದಿದ್ದರೂ ರಿಂಗು ಹರಿದಿದ್ದರೆ ನಾಲೆಗೆ ಬಿದ್ದ ಕ್ಷಣ ನೀರು ಒಳಗೆ. ಬ್ಯಾಟ್ರಿಯಲ್ಲೇ ಚಾರ್ಜ್ ಮಾಡುವ ತೂತು ಇರುವುದನ್ನು ನಾನು ಬಿಟ್ಟಿದ್ದೂ ಇದಕ್ಕೇ, ಅದರ ರಬ್ಬರ್ ಮುಚ್ಚಳವೇ ಮೊದಲು ಕಿತ್ತು ಬರುತ್ತದೆ. ಮುಂದಿನ ಗಾಜು ಹಿಂದೆ ಮುಂದೆ ಜಾರುವ ಜೂಮ್ ಬ್ಯಾಟ್ರಿಗಳಲ್ಲಂತೂ ಜಾರಿದಾಗಲೆಲ್ಲ ಗಾಳಿಯ ಜೊತೆ ತೇವವೂ ಒಳಗೆ ಹೋಗುತ್ತದೆ.

ಬುಡದಲ್ಲಿ ಅಯಸ್ಕಾಂತ ಇರುವಂಥದ್ದೂ ಇತ್ತು. ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಲು ಅನುಕೂಲ ನಿಜ, ಆದರೆ ಕೈ ತಪ್ಪಿದರೆ ಒಳಗಿನ ಕಬ್ಬಿಣಕ್ಕೆ ಹಾರಿ ಟರ್ಮಿನಲ್ಲಿನ ಮೇಲೇ ಕೂರುತ್ತದೆ. ಇದರ ಕ್ಲಿಪ್ಪು ಎರಡು ಕಡೆಗೂ ಸಿಕ್ಕಿಸಬಹುದು. ತಲೆಗೆ ಸುತ್ತಿದ ಟವಲಿಗೋ ಷರಟಿನ ಜೇಬಿಗೋ ಸಿಕ್ಕಿಸಿದರೆ ಎರಡೂ ಕೈ ಖಾಲಿ. ಬ್ಯಾಟ್ರಿಯನ್ನು ಬಾಯಲ್ಲಿ ಕಚ್ಚಿಕೊಂಡು ಫ್ಯೂಸು ಹಾಕುವ ಅಭ್ಯಾಸ ದಯವಿಟ್ಟು ಬಿಡಿ. ಇದು ಅಲ್ಯೂಮಿನಿಯಂ, ಕರೆಂಟು ಹರಿಸುವ ಲೋಹ, ಅದನ್ನು ತಡೆಯುವ ಮೇಲಿನ ಪದರ ತೆಳು.

ಕರೆಂಟು ಹೋದಾಗ ಬುಡದ ಮೇಲೆ ನೆಟ್ಟಗೆ ನಿಲ್ಲಿಸಿದರೆ ಸುಣ್ಣ ಬಳಿದ ತಾರಸಿಗೆ ಬಡಿದ ಬೆಳಕು ಇಡೀ ಕೋಣೆಗೆ ಹರಡುತ್ತದೆ, ಊಟಕ್ಕೆ ಅಷ್ಟು ಸಾಕು. ಹಿಂದಿನ ಹೆಂಚಿನ ಮನೆಯಲ್ಲಿ ಇದು ನಡೆಯುವುದಿಲ್ಲ, ಕಪ್ಪು ಹೆಂಚು ಬೆಳಕನ್ನೆಲ್ಲ ಕುಡಿದುಬಿಡುತ್ತದೆ. ಅಲ್ಲಿ ಬಿಳಿ ಗೋಡೆಗೆ ಬಿಡಿ.

ಗೋಡೆಗೆ ಸಿಕ್ಕಿಸುವ ಹಳೇ ಚಾರ್ಜಿನ ಬ್ಯಾಟ್ರಿಯನ್ನು ಬಿಸಾಡಬೇಡಿ. ಅದರೊಳಗೆ ಇರುವುದು 4 ವೋಲ್ಟಿನ ಸೀಸದ ಆಮ್ಲದ ಬ್ಯಾಟರಿ, ಖಾಲಿಯಾಗಿ ಇಟ್ಟಷ್ಟು ದಿನ ಅದರ ಫಲಕಗಳ ಮೇಲೆ ಗಟ್ಟಿ ಪದರ ಕಟ್ಟಿ ಸಾಯುತ್ತದೆ. ಬಳಸಿದ ದಿನವೇ ಚಾರ್ಜಿಗೆ ಹಾಕಿದರೆ ಇನ್ನೂ ಬರುತ್ತದೆ, ಕೊಟ್ಟಿಗೆಗೆ ಆಗುತ್ತದೆ.

ಪೆಟ್ಟಿಗೆಯಲ್ಲಿ ಎರಡು ಬಿಡಿ ರಬ್ಬರ್ ರಿಂಗು, ಗುಂಡಿಯ ಮೇಲಿನ ಒಂದು ರಬ್ಬರ್ ಟೋಪಿ, ಗ್ರೀಸಿನ ಟ್ಯೂಬು ಇವೆ. ಸೆಲ್ಲುಗಳ ಮೇಲೆ 1ರಿಂದ 4ರವರೆಗೆ ಬರೆದಿದ್ದೇನೆ, ಸರದಿಯಲ್ಲಿ ಬಳಸಿ. ಗಡಿಯಾರಕ್ಕೆ ಹಾಕಬೇಡಿ, ಅದಕ್ಕೆ ಅಂಗಡಿಯ ಸೆಲ್ಲೇ ಸಾಕು. ಪೆಟ್ಟಿಗೆ ತಲುಪಿದ ಮೇಲೆ ತಮ್ಮನ ಕೈಲಿ ಒಂದು ಮೆಸೇಜ್ ಹಾಕಿಸಿ.

ಇಂತಿ ನಿಮ್ಮ ಮಗಳು,
ಸುಮ