ಹಳೆಯ ಜಾರ್ ಕಡತಗಳ ಲೆಕ್ಕ ಯಾರ ಬಳಿ ಇದೆ?

ಮಾನ್ಯ ಸಂಪಾದಕರೇ,

ಸಾರ್ವಜನಿಕ ಸೇವೆಗಳ ಎಷ್ಟೋ ಜಾಲತಾಣಗಳು ಜಾವಾ ಅಪ್ಲಿಕೇಶನ್ ಸರ್ವರ್‌ಗಳನ್ನು (ಜಾವಾ ಭಾಷೆಯಲ್ಲಿ ಬರೆದ ಅಪ್ಲಿಕೇಶನ್‌ಗಳನ್ನು ನಡೆಸುವ ತಂತ್ರಾಂಶ) ಅವಲಂಬಿಸಿರುವುದರಿಂದ, ಅವುಗಳಲ್ಲಿನ ಲೈಬ್ರರಿಗಳ, ಅಂದರೆ ಸಿದ್ಧ ಕೋಡ್ ಸಂಗ್ರಹಗಳ, ನಿರ್ವಹಣೆ ಎಲ್ಲರಿಗೂ ಸಂಬಂಧಿಸಿದ ವಿಷಯವಾಗಿದೆ. 2021ರ ಡಿಸೆಂಬರ್‌ನಲ್ಲಿ ಅಪ್ಲಿಕೇಶನ್‌ಗಳ ಚಟುವಟಿಕೆಯನ್ನು ದಾಖಲಿಸುವ ಲಾಗ್‌4ಜೆ ಲೈಬ್ರರಿಯ ಗಂಭೀರ ಭದ್ರತಾ ದೋಷ ಬಹಿರಂಗವಾದಾಗ, ಸರ್ವರ್‌ನ ಸಾಮಾನ್ಯ ಲಿಬ್ ಫೋಲ್ಡರ್‌ನಲ್ಲಿ ಹೊಸ ಜಾರ್ ಕಡತವನ್ನು (ಲೈಬ್ರರಿಯ ಕೋಡನ್ನು ಕಟ್ಟಿಟ್ಟ ಕಡತ) ಇಟ್ಟರಷ್ಟೇ ಸಾಕಾಗುತ್ತಿರಲಿಲ್ಲ. ಏಕೆಂದರೆ ಟಾಮ್‌ಕ್ಯಾಟ್ ಎಂಬ ಜಾವಾ ಸರ್ವರ್‌ನಲ್ಲಿ ಕ್ಲಾಸ್‌ಗಳನ್ನು (ಕೋಡ್ ಘಟಕಗಳನ್ನು) ಹುಡುಕಿ ತರುವ ಕ್ಲಾಸ್‌ಲೋಡರ್, ಜಾವಾದ ಮೂಲ ಕ್ಲಾಸ್‌ಗಳನ್ನು ಬಿಟ್ಟರೆ, ಮೊದಲು ಹುಡುಕುವುದು ಆಯಾ ಅಪ್ಲಿಕೇಶನ್ನಿನ ವೆಬ್-ಇನ್ಫ್ ಫೋಲ್ಡರ್‌ನಲ್ಲಿ. ಅಲ್ಲಿ ಲಾಗ್‌4ಜೆಯ ದೋಷವಿರುವ 2.14.1ರಂತಹ ಹಳೆಯ ಪ್ರತಿ ಉಳಿದಿದ್ದರೆ, ಹೊರಗೆ ಸರಿಪಡಿಸಿದ 2.17.1 ಇದ್ದರೂ ಕೆಲಸಕ್ಕೆ ಬರುವುದು ಹಳೆಯದೇ. ಹತ್ತು ಅಪ್ಲಿಕೇಶನ್‌ಗಳಿದ್ದರೆ ಹತ್ತು ಕಡೆಯೂ ಹುಡುಕಲೇಬೇಕು.

ಹಾಗೆಂದು ಎಲ್ಲವನ್ನೂ ಸಾಮಾನ್ಯ ಫೋಲ್ಡರ್‌ಗೆ ಸುರಿಯುವುದು ನನ್ನ ದೃಷ್ಟಿಯಲ್ಲಿ ಇನ್ನೂ ಕೆಟ್ಟ ಪದ್ಧತಿ. ಎರಡು ಅಪ್ಲಿಕೇಶನ್‌ಗಳಿಗೆ ಒಂದೇ ಲೈಬ್ರರಿಯ ಬೇರೆ ಬೇರೆ ಆವೃತ್ತಿ ಬೇಕಾದಾಗ, ಒಂದು 'ನೋಸಚ್‌ಮೆಥಡ್‌ಎರರ್' (ಕರೆದ ಮೆಥಡ್ ಆ ಆವೃತ್ತಿಯಲ್ಲಿ ಇಲ್ಲ ಎಂಬ ದೋಷ) ತೋರಿಸಿ ನಿಂತುಹೋಗಬಹುದು. ಸರ್ವರ್ ತಾನೇ ಕನೆಕ್ಷನ್ ಪೂಲ್‌ಗೆ (ಮತ್ತೆ ಮತ್ತೆ ಬಳಸಲು ತೆರೆದಿಟ್ಟ ಡೇಟಾಬೇಸ್ ಸಂಪರ್ಕಗಳ ಗುಂಪು) ಬಳಸುವ ಡೇಟಾಬೇಸ್ ಡ್ರೈವರ್‌ನಂತಹವುಗಳಿಗೆ ಮಾತ್ರ ಅಲ್ಲಿ ಜಾಗವಿರಲಿ.

ಯಾವ ಅಪ್ಲಿಕೇಶನ್ನಿನಲ್ಲಿ ಯಾವ ಜಾರ್, ಯಾವ ಆವೃತ್ತಿಯದು ಎಂಬ ಪಟ್ಟಿಯನ್ನು ಕೆಲಸ ಒಪ್ಪಿಸುವಾಗಲೇ ನೀಡುವಂತೆ, ಪ್ರತಿ ಬದಲಾವಣೆಯ ನಂತರವೂ ಪರಿಷ್ಕರಿಸುವಂತೆ ಇಲಾಖೆಗಳು ಟೆಂಡರ್‌ನಲ್ಲಿಯೇ ಷರತ್ತು ವಿಧಿಸಬೇಕೆಂದು ಕೋರುತ್ತೇನೆ.

– ಒಬ್ಬ ಸರ್ವರ್ ನಿರ್ವಾಹಕ, ಬೆಂಗಳೂರು