ಬರದ ತಳಿಯ ಪರೀಕ್ಷೆ ಬರದ ನೆಲದಲ್ಲೇ ನಡೆಯಲಿ

ಮಾನ್ಯರೇ,

ಸೋಯಾ ಅವರೆ ಬಿತ್ತಿ ನೋಡಿ ಎಂಬ ಸಲಹೆ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ರೈತರ ಕಿವಿಗೂ ಬೀಳುತ್ತಿದೆ. ಬೆಳೆಗೆ ಬೆಂಬಲ ಬೆಲೆ ಇದೆ, ಎಣ್ಣೆಗೂ ಹಿಂಡಿಗೂ ಬೇಡಿಕೆ ಇದೆ, ಸರಿ. ಆದರೆ ಬೀದರ್‌ನಲ್ಲೋ ಬೆಳಗಾವಿಯಲ್ಲೋ ಗೆದ್ದ ತಳಿಯನ್ನು ತಂದು ನಮ್ಮ ಮಳೆಯಾಶ್ರಿತ ಹೊಲಕ್ಕೆ ಹಾಕಿದರೆ ನಷ್ಟ ಹೊರುವವರು ಯಾರು?

ಜೂನ್ ಕೊನೆಗೆ ಬಿತ್ತಿದ ಸೋಯಾ ಆಗಸ್ಟ್ ಮೊದಲ ಭಾಗದಲ್ಲಿ ಹೂ ಬಿಡುತ್ತದೆ. ಕಾಯಿ ಕಟ್ಟಿ ಕಾಳು ತುಂಬುವುದು ಮಘೆ, ಹುಬ್ಬೆ ಮಳೆಗಳ ಕಾಲದಲ್ಲಿ, ಅಂದರೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ. ಆರಂಭದಲ್ಲಿ ಬಾಡಿದ ಗಿಡ ಒಂದು ಹದ ಮಳೆಗೆ ಚೇತರಿಸಿಕೊಂಡೀತು. ಕಾಳು ತುಂಬುವಾಗ ತೇವ ಆರಿದರೆ ಕಾಯಿ ಜೊಳ್ಳಾಗುತ್ತದೆ, ಮತ್ತೆ ಸುರಿದ ಮಳೆ ಅದನ್ನು ಉಳಿಸದು. 2023ರ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶದಲ್ಲೇ ಅತಿ ಒಣ ಆಗಸ್ಟ್ ಆಗಿತ್ತು. ಆ ವರ್ಷ ರಾಜ್ಯದಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಸೋಯಾಕ್ಕೆ ಇನ್ನೊಂದು ತೊಡಕೂ ಇದೆ. ಮಣ್ಣು ಒಣಗತೊಡಗಿದರೆ ಎಲೆ ಬಾಡುವ ಮೊದಲೇ ಬೇರುಗಂಟುಗಳು ಸಾರಜನಕ ಹಿಡಿಯುವ ಕೆಲಸ ನಿಧಾನಿಸುತ್ತವೆ. ಹೊಲ ಹಸಿರಾಗಿಯೇ ಕಾಣುತ್ತದೆ, ಇಳುವರಿ ಒಳಗೊಳಗೇ ಇಳಿದಿರುತ್ತದೆ.

ಬೇಗ ಕೊಯ್ಲಿಗೆ ಬರುವ ತಳಿಯನ್ನೇ ಬರ ನಿರೋಧಕ ಎಂದು ಕರೆಯುವುದು ನಿಲ್ಲಬೇಕು. ಅಲ್ಪಾವಧಿ ತಳಿ ಬರದಿಂದ ತಪ್ಪಿಸಿಕೊಳ್ಳುತ್ತದೆ, ಅಷ್ಟೇ. ನಡುವೆ ಮೂರು ವಾರ ಮಳೆ ಹೋದರೆ ಅದೂ ಸೋಲುತ್ತದೆ. ನಮಗೆ ಬೇಕಿರುವುದು ತೇವವನ್ನು ಹಿತಮಿತವಾಗಿ ಬಳಸುವ, ನಿಧಾನವಾಗಿ ಬಾಡುವ, ಬೇರನ್ನು ಚೆನ್ನಾಗಿ ಹರಡುವ ಗಿಡ. ಅಂಥ ಗುಣ ಸೋಯಾದಲ್ಲಿ ಇದೆ. ಜಪಾನ್ ಮೂಲದ ಒಂದು ತಳಿಯಲ್ಲಿ ಅದನ್ನು ಗುರುತಿಸಿದ ಅಮೆರಿಕದ ವಿಜ್ಞಾನಿಗಳು ದಶಕಗಳಿಂದ ಅದನ್ನು ಸಂಕರಣಕ್ಕೆ ಬಳಸುತ್ತಿದ್ದಾರೆ. ಇಂದೋರ್‌ನ ಸೋಯಾಬೀನ್ ಸಂಶೋಧನಾ ಸಂಸ್ಥೆಯೂ ಬರ ತಾಳುವ ಎನ್‌ಆರ್‌ಸಿ 136 ತಳಿಯನ್ನು ಹೊರತಂದಿದೆ. ಅದು ನಮ್ಮ ಎರೆ (ಕಪ್ಪು) ಮಣ್ಣಿಗೂ ಮಸಾರಿ (ಕೆಂಪು) ಮಣ್ಣಿಗೂ ಒಗ್ಗುತ್ತದೆಯೇ ಎಂಬುದು ಇಲ್ಲಿ ಬಿತ್ತಿದರೆ ಮಾತ್ರ ತಿಳಿಯುತ್ತದೆ.

ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ತಮ್ಮ ಭಾಗವನ್ನು ಕಾಡಿದ ಸೋಯಾದ ತುಕ್ಕು ರೋಗವನ್ನು ತಡೆಯುವ ಡಿಎಸ್‌ಬಿ-21 ತಳಿ ಕೊಟ್ಟರು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಒಣಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆಗೂಡಿ ಅಣ್ಣಿಗೇರಿ ಕಡಲೆಗೆ ಸೊರಗು ರೋಗ ತಡೆಯುವ ಗುಣ ಸೇರಿಸಿ ‘ಸೂಪರ್ ಅಣ್ಣಿಗೇರಿ-1’ ರೂಪಿಸಿತು. ಇಷ್ಟು ಸಾಮರ್ಥ್ಯವಿರುವ ಸಂಸ್ಥೆ ಸೋಯಾದ ಬರ ಪರೀಕ್ಷೆಯನ್ನು ಕೊಪ್ಪಳದ ರೈತರ ಹೊಲಗಳಲ್ಲೇ, ನೀರು ಹಾಯಿಸದೆ, ಕನಿಷ್ಠ ಮೂರು ಮುಂಗಾರು ನಡೆಸಬೇಕು. ಪಕ್ಕದಲ್ಲಿ ತೊಗರಿ, ಸಜ್ಜೆಯನ್ನೂ ಬಿತ್ತಿ ಖರ್ಚು ಕಳೆದು ಉಳಿಯುವ ಆದಾಯವನ್ನು ಹೋಲಿಸಬೇಕು. ಸೋಯಾ ಸೋತರೆ ಅದನ್ನೂ ಪ್ರಕಟಿಸಬೇಕು.

ಬೀಜದ ಮಾತೂ ಇದೆ. ಸೋಯಾ ಬೀಜದ ಸಿಪ್ಪೆ ತೆಳು. ಒಕ್ಕಣೆಯಲ್ಲಿ ಪೆಟ್ಟು ತಿಂದರೆ, ಸೆಕೆಯಲ್ಲಿ ಇಟ್ಟರೆ ಮೊಳಕೆ ಬೇಗ ಕುಸಿಯುತ್ತದೆ. ಎಂಥ ತಳಿಯಾದರೂ ಮೊಳೆಯದಿದ್ದರೆ ಪ್ರಯೋಜನವಿಲ್ಲ. ಆದ್ದರಿಂದ ಮೊಳಕೆ ಪರೀಕ್ಷೆಯ ಫಲಿತಾಂಶವನ್ನು ಬಿತ್ತನೆಗೆ ಮೊದಲೇ ಪ್ರತಿ ರೈತ ಸಂಪರ್ಕ ಕೇಂದ್ರದ ಫಲಕದಲ್ಲಿ ಬರೆಸುವಂತೆ ಕೃಷಿ ಇಲಾಖೆಯನ್ನು ಕೋರುತ್ತೇನೆ.

– ಮಳೆಯಾಶ್ರಿತ ರೈತ, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ