ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಸಭೆಗೆ ಮೊದಲ ಸಲ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಮಡಿಕೇರಿಯ ಸಭೆಗೆ ವಿರಾಜಪೇಟೆ, ಸೋಮವಾರಪೇಟೆ ಕಡೆಯವರು ಜೊತೆಯಾಗಿ ಹೋಗೋಣ. ಬರುವವರು ಶನಿವಾರ ಸಂಜೆಯೊಳಗೆ ತಿಳಿಸಿ. ಗುಂಪಿನಲ್ಲಿ ಹಾಕಬೇಡಿ, ನನಗೊಬ್ಬರಿಗೇ ಮೆಸೇಜ್ ಮಾಡಿ. ಚಿಕ್ಕ ಊರು, ಹೆಸರು ಹೊರಗೆ ಹೋಗಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು: ದಿನವೂ ಹೆಚ್ಚು ಕುಡಿಯುವವರು ಸಭೆಗೆಂದು ಒಮ್ಮೆಲೇ ನಿಲ್ಲಿಸಬೇಡಿ, ಮೊದಲು ವೈದ್ಯರನ್ನು ಕಾಣಿ. ಕೊನೆಯ ಗುಟುಕಿನ ನಂತರ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಕೈನಡುಕ, ಜ್ವರದ ಜೊತೆ ಇಲ್ಲದ್ದು ಕಾಣುವುದು, ಗೊಂದಲ ಶುರುವಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಇದು ಜೀವಕ್ಕೆ ಅಪಾಯ.

ಸಭೆಗೆ ಶುಲ್ಕವಿಲ್ಲ. ಕುಡಿತ ಬಿಡುವ ಆಸೆ ಇದ್ದರೆ ಸಾಕು. ಪೂರ್ತಿ ಹೆಸರು ಹೇಳಬೇಕಿಲ್ಲ, ಮಾತಾಡದೆ ಕೇಳಿಸಿಕೊಂಡರೂ ಆಯಿತು. ಮುಕ್ತ ಸಭೆಗೆ ಮನೆಯವರೂ ಬರಬಹುದು, ಮುಚ್ಚಿದ ಸಭೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಮನೆಯವರಿಗೆಂದೇ ಅಲ್-ಅನಾನ್ ಎಂಬ ಬೇರೆ ಕೂಟ ಇದೆ.

ಇಂಟರ್‌ನೆಟ್ಟಿನ ಪಟ್ಟಿ ಎಷ್ಟೋ ಸಲ ಹಳತಾಗಿರುತ್ತದೆ. ಹಿಂದಿನ ದಿನ ಫೋನ್ ಮಾಡಿ ಜಾಗ, ಹೊತ್ತು ಖಚಿತಪಡಿಸಿಕೊಳ್ಳಿ. ವಾಪಸ್ ಬರುವ ಕೊನೆಯ ಬಸ್ಸನ್ನೂ ನೋಡಿಕೊಳ್ಳಿ. ಮಳೆಯಲ್ಲಿ ರಸ್ತೆ ಮುಚ್ಚಿದರೆ ಆನ್‌ಲೈನ್ ಸಭೆ ಸೇರಿ, ವಾರ ತಪ್ಪಿಸಬೇಡಿ.

ಒಂದೇ ಸಭೆ ನೋಡಿ ಬಿಡಬೇಡಿ, ನಾಲ್ಕೈದಾದರೂ ಕೂರಿ. ಹುತ್ತರಿ ಹಬ್ಬ, ಮದುವೆ ಮನೆಗಳಲ್ಲಿ ಕುಡಿಯಲು ಒತ್ತಾಯ ಜಾಸ್ತಿ. ಹಿಂದಿನ ದಿನವೇ ಸಭೆಯ ಹಿರಿಯ ಸದಸ್ಯರಿಗೆ ಫೋನ್ ಮಾಡಿಟ್ಟುಕೊಳ್ಳಿ.

ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಫೋನ್ ಮಾಡಿ: 14416, ಉಚಿತ.